ಓದಿನ ಸುಖ: ಈಚೆಗೆ ಓದಿದ ಐದು ಕಾದಂಬರಿಗಳು

(ಮುಂಬಯಿಯಲ್ಲಿ ಸಂಘದ ಓದುಗರ ಬಳಗದ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಇಂದಿನ ಮಾತಿಗೆ ಸಂಚಾಲಕರು ಗೊತ್ತುಮಾಡಿದ ವಿಷಯ ‘ಈಚೆಗೆ ಸಂತೋಷಕ್ಕಾಗಿ ಓದಿದ ಕಾದಂಬರಿಗಳು’. ನಮ್ಮ ವೇದಿಕೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ವಿಷಯಗಳೆಂದರೆ ‘ಕನ್ನಡ ಕಾದಂಬರಿಯಲ್ಲಿ ಸ್ತ್ರೀ ಸಂವೇದನೆ’, ‘ಹೊರನಾಡ ಕನ್ನಡಿಗರ ಅಸ್ಮಿತೆಯ ಪ್ರಶ್ನೆ’ ಇತ್ಯಾದಿ. ಅಂಥ ವಿಷಯ ಸಿಕ್ಕಿದ ಭಾಷಣಕಾರನಿಗೆ ಒಂದು ಅನುಕೂಲವುಂಟು. ಪುಸ್ತಕಗಳನ್ನು ಪೂರ್ತಿ ಓದದೆಯೂ ಮುಕ್ಕಾಲು ಗಂಟೆ ಮಾತನಾಡಬಹುದು. ಸಂತೋಷಕ್ಕಾಗಿ ಓದಿದ್ದು ಎಂದಾಗ ಆ ಅನುಕೂಲ ತಪ್ಪಿಹೋಗುತ್ತದೆ. ಓದಿರಲೇಬೇಕು, ಅದರಲ್ಲಿ ಸಂತೋಷವನ್ನೂ ಪಟ್ಟಿರಬೇಕು.

ಆದರೂ ಈ ವಿಷಯವನ್ನು ನಾನು ಬಹಳ ಆದರದಿಂದ ಒಪ್ಪಿಕೊಂಡೆ. ಅದಕ್ಕೆ ಕಾರಣವನ್ನು ಮೊದಲು ನಿವೇದಿಸುತ್ತೇನೆ. ಹೊರನಾಡಿನ ನಾವು ಕನ್ನಡ ಪುಸ್ತಕವನ್ನು ಗೌರವಿಸುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಸನ್ಮಾನದಲ್ಲಿ ಶಾಲು, ಹಣ್ಣಿನ ಬುಟ್ಟಿ, ಅವುಗಳ ಮೇಲೊಂದು ಪುಸ್ತಕ ಇದ್ದೇ ಇರುತ್ತದೆ. ಹಣ್ಣು ಮನೆಯವರ ಹೊಟ್ಟೆ ಸೇರುತ್ತದೆ, ಶಾಲು ಮತ್ತೊಬ್ಬರ ಸನ್ಮಾನಕ್ಕೆ ಒದಗುತ್ತದೆ, ಪುಸ್ತಕ ಮಾತ್ರ ಗಾಜಿನ ಕಪಾಟು ಸೇರಿ ಅಲ್ಲಿಯೇ ಉಳಿಯುತ್ತದೆ. ಕನ್ನಡಕ್ಕೆ ಎಂಟು ಜ್ಞಾನಪೀಠಗಳು ಬಂದಿವೆ ಎಂದು ಕುವೆಂಪು ಅವರಿಂದ ಕಂಬಾರರವರೆಗೆ ಬೆರಳು ಮಡಚಿ ಎಣಿಸುವುದು ನಮಗೆಲ್ಲ ಬಾಯಿಪಾಠ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಕೃತಿಗೆ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂದಾಗ ನಮ್ಮ ಸಂಘಗಳಲ್ಲೆಲ್ಲ ಹಬ್ಬದ ವಾತಾವರಣ ಮೂಡಿತು. ಮೂಡಬೇಕಾದದ್ದೇ. ಆದರೆ ಎಣಿಸಿದ ಆ ಬೆರಳುಗಳು ಎಷ್ಟು ಪುಟಗಳನ್ನು ತಿರುವಿವೆ ಎಂಬ ಪ್ರಶ್ನೆಯನ್ನು ನಾವು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದಿಲ್ಲ. ಕೇಳುವುದು ಸಭ್ಯತೆಯಲ್ಲವೆಂದು ಸುಮ್ಮನಿರುತ್ತೇವೆ.

ಅಭಿಮಾನದಿಂದ ಒಂದು ಪುಸ್ತಕವನ್ನು ಕೊಳ್ಳಬಹುದು. ಅಭಿಮಾನದಿಂದ ಮುನ್ನೂರು ಪುಟ ಓದುವುದು ಕಷ್ಟ. ಓದಿಗೆ ಬೇಕಾದದ್ದು ಸುಖ. ಸುಖವೆಂದರೆ ಹಗುರವಾದ ಓದು ಎಂದು ನಾನು ಹೇಳುತ್ತಿಲ್ಲ. ನನ್ನ ಮಟ್ಟಿಗೆ ಅದಕ್ಕೆ ಮೂರು ಸರಳ ಲಕ್ಷಣಗಳಿವೆ. ಪುಸ್ತಕ ಇಳಿಯಬೇಕಾದ ನಿಲ್ದಾಣವನ್ನು ಮರೆಸುವಂತಿರಬೇಕು. ಓದಿದ ಮೇಲೆ ಅದನ್ನು ಯಾರಿಗಾದರೂ ಹೇಳಬೇಕೆಂಬ ತಹತಹ ಹುಟ್ಟಬೇಕು. ಮುಚ್ಚಿಟ್ಟು ವಾರ ಕಳೆದ ಮೇಲೂ ಅದರ ಒಂದು ಮಾತೋ ಒಂದು ಮುಖವೋ ಮನಸ್ಸಿನಲ್ಲಿ ಓಡಾಡುತ್ತಿರಬೇಕು. ನಾನು ವಿಮರ್ಶಕನಲ್ಲ, ಓದುಗ. ಕಳೆದ ಒಂದು ವರ್ಷದಲ್ಲಿ ಈ ಮೂರು ಪರೀಕ್ಷೆಗಳಲ್ಲಿಯೂ ತೇರ್ಗಡೆಯಾದ ಐದು ಕಾದಂಬರಿಗಳ ಬಗ್ಗೆ ನನ್ನ ಅಭಿಪ್ರಾಯಗಳನ್ನು ಹಂಚಿಕೊಳ್ಳುತ್ತೇನೆ. ಇವುಗಳಲ್ಲಿ ಕೆಲವನ್ನು ಹಿಂದೆಯೂ ಓದಿದ್ದೆ. ಮರುಓದು ಕೂಡ ಓದೇ.

ಮೊದಲನೆಯದು ಶಿವರಾಮ ಕಾರಂತರ ‘ಬೆಟ್ಟದ ಜೀವ’. 1943ರಲ್ಲಿ ಬಂದ ಕಾದಂಬರಿ. ಗಾತ್ರದಲ್ಲಿ ಚಿಕ್ಕದು. ಕುಕ್ಕೆ ಸುಬ್ರಹ್ಮಣ್ಯದ ಸುತ್ತಿನ ಕಾಡಿನಲ್ಲಿ ನಿರೂಪಕ ದಾರಿ ತಪ್ಪಿ ಒಂದು ಒಂಟಿಮನೆಗೆ ಬಂದು ಸೇರುತ್ತಾನೆ. ಅಲ್ಲಿ ಗೋಪಾಲಯ್ಯ ಮತ್ತು ಶಂಕರಮ್ಮ ಎಂಬ ವೃದ್ಧ ದಂಪತಿ. ಗೋಪಾಲಯ್ಯ ಕಾಡನ್ನು ಕಡಿದು, ನೀರನ್ನು ಪಳಗಿಸಿ, ಅಡಕೆಯ ತೋಟ ಎಬ್ಬಿಸಿದ ಮನುಷ್ಯ. ಕಥೆಯೆಂಬುದು ಇಷ್ಟೇ: ಅತಿಥಿ ಒಂದೆರಡು ದಿನಕ್ಕೆಂದು ಬಂದವನು ಅವರ ಒತ್ತಾಯಕ್ಕೆ ಮಣಿದು ಇನ್ನಷ್ಟು ದಿನ ಉಳಿಯುತ್ತಾನೆ, ನೋಡುತ್ತಾನೆ, ಕೇಳುತ್ತಾನೆ. ಬಿಸಿನೀರಿನ ಸ್ನಾನ, ಊಟ, ತೋಟದ ತಿರುಗಾಟ, ಹುಲಿಯ ಭಯ, ರಾತ್ರಿಯ ಹರಟೆ. ಇಷ್ಟರಿಂದಲೇ ಕಾರಂತರು ಓದುಗನನ್ನು ಹಿಡಿದು ಕೂರಿಸುತ್ತಾರೆ.

ಆದರೆ ಈ ಮನೆಯಲ್ಲಿ ಒಂದು ಖಾಲಿ ಜಾಗವಿದೆ. ಮಗ ಶಂಭು ಮನೆಬಿಟ್ಟು ಹೋಗಿದ್ದಾನೆ, ಹಿಂದಿರುಗಿಲ್ಲ. ಮುದುಕ ನಗುತ್ತಾನೆ, ತಮಾಷೆ ಮಾಡುತ್ತಾನೆ, ತೋಟಕ್ಕೆ ಇನ್ನೂ ಹೊಸ ಗಿಡ ಹಾಕುವ ಮಾತನಾಡುತ್ತಾನೆ. ಮುದುಕಿಗೆ ಬಂದ ಅತಿಥಿಯಲ್ಲೆಲ್ಲ ಮಗನ ನೆನಪು. ಮಗನ ಸ್ಥಾನದಲ್ಲಿ ಇರಿಸಿಕೊಂಡ ನಾರಾಯಣನೂ ಅವನ ಹೆಂಡತಿ ಮಕ್ಕಳೂ ಎಲ್ಲಿ ಬಿಟ್ಟು ಹೋದಾರೋ ಎಂಬ ಆತಂಕ ಬೇರೆ.

ಹೊರನಾಡ ಕನ್ನಡಿಗನೊಬ್ಬ ಈ ಕಾದಂಬರಿಯನ್ನು ಓದುವಾಗ ಒಂದು ವಿಚಿತ್ರ ನಡೆಯುತ್ತದೆ. ಒಳನಾಡಿನ ಓದುಗ ಗೋಪಾಲಯ್ಯನ ಜೊತೆ ಜಗಲಿಯ ಮೇಲೆ ಕೂರುತ್ತಾನೆ. ನಾವು ಕೂರಲು ಹೋದರೆ, ಅಲ್ಲಿ ಇಲ್ಲದಿರುವವನ ಜಾಗದಲ್ಲಿ ಕೂತಿರುತ್ತೇವೆ. ಊರಿನ ತೋಟ, ಗದ್ದೆ, ಕಡಲತೀರದ ಹೆಂಚಿನ ಮನೆ ಇವುಗಳ ವರ್ಣನೆಗಾಗಿ ನಾವು ಕಾದಂಬರಿಗಳನ್ನು ಹುಡುಕಿಕೊಂಡು ಹೋಗುತ್ತೇವೆ. ಊರಿನ ಹಂಬಲವೇ ನಮ್ಮ ಓದಿನ ಅರ್ಧ ಸುಖ. ಕಾರಂತರು ಆ ಸುಖವನ್ನು ಧಾರಾಳವಾಗಿ ಕೊಟ್ಟು, ಅದರ ಬೆಲೆಯನ್ನು ಯಾರು ತೆತ್ತರು ಎಂಬುದನ್ನೂ ಪಕ್ಕದಲ್ಲೇ ತೋರಿಸುತ್ತಾರೆ. ಶಂಭುವನ್ನು ಬಯ್ಯುವುದಿಲ್ಲ, ಅವನಿಗೆ ಪಾಠ ಹೇಳುವುದಿಲ್ಲ. ಉಳಿದವರ ದಿನಚರಿಯನ್ನು ಮಾತ್ರ ಬರೆಯುತ್ತಾರೆ. ನನಗಿರುವ ಒಂದು ಆಕ್ಷೇಪವೆಂದರೆ ಗೋಪಾಲಯ್ಯನಿಗೆ ನಗು, ಕೋಪ, ಸಾಹಸ, ಹಟ ಎಲ್ಲವೂ ದೊರೆತಿವೆ. ಶಂಕರಮ್ಮನ ಪಾಲಿಗೆ ಬಹುಮಟ್ಟಿಗೆ ತಾಯ್ತನದ ದುಃಖವೊಂದೇ ಉಳಿದಿದೆ. ಆಕೆಗೂ ಆ ಕಾಡಿನಲ್ಲಿ ಒಂದು ಆಯುಷ್ಯದ ದುಡಿಮೆ ಇತ್ತಲ್ಲವೇ?

ಈ ಪ್ರಶ್ನೆಯೇ ನನ್ನನ್ನು ಎರಡನೆಯ ಪುಸ್ತಕಕ್ಕೆ ಕರೆದೊಯ್ದಿತು. ಅದು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’, 1976ರದು. ಇಂದಿರಾ ಅವರು ಹುಟ್ಟಿದ್ದು 1917ರಲ್ಲಿ. ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಪ್ರಕಟವಾದದ್ದು 1963ರಲ್ಲಿ. ಎಂದರೆ ಸಂಸಾರದ ಕೆಲಸಗಳೆಲ್ಲ ಒಂದು ಹಂತಕ್ಕೆ ಬಂದ ಮೇಲೆ, ನಲವತ್ತೈದು ದಾಟಿದ ಬಳಿಕ, ಕಾದಂಬರಿಕಾರ್ತಿಯಾಗಿ ಹೊರಬಂದವರು. ಇಂಥವರ ಬರಹಕ್ಕೆ ಒಂದು ಕಾಲದಲ್ಲಿ ನಮ್ಮ ವಿದ್ವಾಂಸರು ‘ಹೆಂಗಸರ ಕಾದಂಬರಿ’ ಎಂದು ಚೀಟಿ ಅಂಟಿಸಿ ಪಕ್ಕಕ್ಕಿಟ್ಟಿದ್ದರು. ಆದರೆ ಈ ಊರಿನ ಚಾಳುಗಳಲ್ಲಿ, ಕಾರ್ಖಾನೆಗಳ ಕ್ವಾರ್ಟರ್ಸುಗಳಲ್ಲಿ, ಕನ್ನಡವನ್ನು ಓದುತ್ತ ಉಳಿಸಿದವರು ಯಾರೆಂದು ನೆನೆಯಿರಿ. ಗಂಡಸರು ಸಂಘ ಕಟ್ಟಿದರು, ಠರಾವು ಮಂಡಿಸಿದರು. ಮಧ್ಯಾಹ್ನದ ಕೆಲಸ ಮುಗಿಸಿ ತ್ರಿವೇಣಿ, ಅನುಪಮಾ ನಿರಂಜನ, ಎಂ. ಕೆ. ಇಂದಿರಾ ಇವರ ಪುಸ್ತಕಗಳನ್ನು, ‘ಸುಧಾ’, ‘ತರಂಗ’ಗಳ ಧಾರಾವಾಹಿಗಳನ್ನು ಕೈಯಿಂದ ಕೈಗೆ ದಾಟಿಸಿ ಓದಿದವರು ನಮ್ಮ ತಾಯಂದಿರು, ಅತ್ತೆಯರು, ನೆರೆಮನೆಯ ಅಕ್ಕಂದಿರು. ಅವರು ಕನ್ನಡಸೇವೆಗೆಂದು ಓದಿದವರಲ್ಲ. ಮುಂದೇನಾಯಿತೆಂದು ತಿಳಿಯದೆ ನಿದ್ರೆ ಬರುತ್ತಿರಲಿಲ್ಲವಾದ್ದರಿಂದ ಓದಿದರು. ನಾನು ಈ ಹೊತ್ತು ಸುಖದ ಓದನ್ನು ಸಮರ್ಥಿಸುತ್ತಿರುವುದು ಅವರ ಸಾಕ್ಷ್ಯದ ಮೇಲೆ.

‘ಫಣಿಯಮ್ಮ’ ಮಲೆನಾಡಿನ ಬ್ರಾಹ್ಮಣ ಕುಟುಂಬವೊಂದರಲ್ಲಿ ಬಾಲ್ಯದಲ್ಲೇ ಮದುವೆಯಾಗಿ ಬಾಲ್ಯದಲ್ಲೇ ವಿಧವೆಯಾದ ಹೆಣ್ಣಿನ ಕಥೆ. ಲೇಖಕಿಯ ಕುಟುಂಬದಲ್ಲಿಯೇ ಬಾಳಿಹೋದ ಹಿರಿಯರೊಬ್ಬರ ಬದುಕು ಇದಕ್ಕೆ ಆಧಾರ. ತಲೆ ಬೋಳಿಸಿ, ಒಪ್ಪೊತ್ತಿನ ಊಟಕ್ಕೆ ಕಟ್ಟುಬಿದ್ದು, ಮಡಿಯಲ್ಲಿ ಆಯುಷ್ಯ ಸವೆಸಿದ ಹೆಂಗಸು. ಇಂಥ ಕಥೆಯಲ್ಲಿ ಸುಖವೆಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ಅದು ಬರುವುದು ಹೇಳುವ ದನಿಯಿಂದ. ಅಡುಗೆಮನೆಯಲ್ಲಿ ಹಿರಿಯಳೊಬ್ಬಳು ಹಲಸಿನ ಹಣ್ಣು ಬಿಡಿಸುತ್ತ ಕಥೆ ಹೇಳುವ ಓಟ ಅದಕ್ಕಿದೆ. ನಡುವೆ ಹಾದಿ ಬಿಟ್ಟು ಯಾರದೋ ಮದುವೆಯ ಸುದ್ದಿಗೆ ಹೋಗುತ್ತದೆ, ಮತ್ತೆ ಹಿಂದಿರುಗುತ್ತದೆ. ಕಟ್ಟುನಿಟ್ಟಿನ ವಿಮರ್ಶಕ ಇದನ್ನು ಶಿಥಿಲ ಬಂಧ ಎಂದಾನು. ನನಗೆ ಅದೇ ರುಚಿಸಿತು.

ಫಣಿಯಮ್ಮ ಬಂಡಾಯದ ಮಾತನ್ನಾಡುವವಳಲ್ಲ. ತಾನು ಮಡಿಯನ್ನು ಬಿಡುವುದಿಲ್ಲ. ಆದರೆ ಕೆಳಜಾತಿಯೆಂದು ದೂರವಿಟ್ಟ ಹೆಣ್ಣಿನ ಹೆರಿಗೆ ಕಷ್ಟವಾದಾಗ ಎದ್ದು ಹೋಗಿ ಆ ಜೀವವನ್ನು ಉಳಿಸುತ್ತಾಳೆ. ಮುಂದಿನ ತಲೆಮಾರಿನ ದಾಕ್ಷಾಯಿಣಿ ತಾನು ತಲೆ ಬೋಳಿಸಿಕೊಳ್ಳುವುದಿಲ್ಲವೆಂದು ಹಟ ಹಿಡಿದಾಗ ಆಕೆಯ ಪರವಾಗಿ ನಿಲ್ಲುತ್ತಾಳೆ. ಸಂಪ್ರದಾಯದ ಅತ್ಯಂತ ಕಟ್ಟುನಿಟ್ಟಿನ ಪಾಲಕಿಯೇ ಅದರ ವಿರುದ್ಧ ಸಾಕ್ಷಿ ನುಡಿಯುತ್ತಾಳೆ. ಹೊರನಾಡಿನಲ್ಲಿ ನಾವು ‘ನಮ್ಮ ಸಂಸ್ಕೃತಿ’ ಎಂಬುದನ್ನು ಊರಿನವರಿಗಿಂತ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತೇವೆ. ಅಲ್ಲಿ ಸಡಿಲವಾದ ಎಷ್ಟೋ ಕಟ್ಟುಗಳು ಇಲ್ಲಿ ನಮ್ಮ ಮನೆಗಳಲ್ಲಿ ಇನ್ನೂ ಗಟ್ಟಿಯಾಗಿವೆ. ಅಂಥವರು ಫಣಿಯಮ್ಮನನ್ನು ಒಮ್ಮೆ ಓದಬೇಕು. ಯಾವುದನ್ನು ತನ್ನ ಮಟ್ಟಿಗೆ ಉಳಿಸಿಕೊಳ್ಳಬಹುದು, ಯಾವುದನ್ನು ಮತ್ತೊಬ್ಬರ ಮೇಲೆ ಹೇರಬಾರದು ಎಂಬ ವಿವೇಕ ಆಕೆಗೆ ಯಾವ ಶಾಲೆಗೂ ಹೋಗದೆ ಸಿದ್ಧಿಸಿತ್ತು.

ಮೂರನೆಯದು ನಮ್ಮದೇ ಊರಿನ ಕಾದಂಬರಿ. ಯಶವಂತ ಚಿತ್ತಾಲರ ‘ಶಿಕಾರಿ’, 1979ರಲ್ಲಿ ಪ್ರಕಟವಾದದ್ದು. ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿ, ರಾಸಾಯನಿಕ ಉದ್ಯಮದಲ್ಲಿ ತಂತ್ರಜ್ಞರಾಗಿ ದುಡಿದು, ಮುಂಬಯಿಯಲ್ಲೇ ಬಾಳಿ, 2014ರಲ್ಲಿ ಇಲ್ಲಿಯೇ ತೀರಿಕೊಂಡವರು. ನಮ್ಮಲ್ಲಿ ಹಲವರು ಅವರನ್ನು ಸಭೆಗಳಲ್ಲಿ ಕಂಡಿದ್ದೇವೆ, ಕೇಳಿದ್ದೇವೆ. ಹತ್ತಿರದವರೆಂಬ ಕಾರಣಕ್ಕೇ ಓದದೆ ಉಳಿದ ಲೇಖಕರ ಪಟ್ಟಿಯೊಂದು ಪ್ರತಿ ಊರಿಗೂ ಇರುತ್ತದೆ. ಮುಂಬಯಿಯ ಆ ಪಟ್ಟಿಯಲ್ಲಿ ಚಿತ್ತಾಲರ ಹೆಸರು ಮೇಲೆಯೇ ಇದೆಯೆಂದು ನನ್ನ ಭಾವನೆ.

ಕಾದಂಬರಿಯ ನಾಯಕ ನಾಗಪ್ಪ ದೊಡ್ಡ ಕಂಪನಿಯೊಂದರ ಅಧಿಕಾರಿ. ಒಂದು ದಿನ ಅವನನ್ನು ಕೆಲಸದಿಂದ ದೂರವಿರಿಸಲಾಗುತ್ತದೆ. ಮಾಡಿದ ಅಪರಾಧವೇನೆಂದು ಯಾರೂ ಸ್ಪಷ್ಟವಾಗಿ ಹೇಳುವುದಿಲ್ಲ. ಅಲ್ಲಿಂದ ಮುಂದೆ ಅವನು ಯೋಚಿಸುತ್ತಾನೆ, ಶಂಕಿಸುತ್ತಾನೆ, ಹೆದರುತ್ತಾನೆ, ಹಳೆಯದನ್ನೆಲ್ಲ ಕೆದಕುತ್ತಾನೆ. ವಿಮರ್ಶಕರು ಇಲ್ಲಿ ಕಾಫ್ಕಾನನ್ನು ನೆನೆದಿದ್ದಾರೆ, ನೆನೆಯುವುದು ಸಹಜವೇ. ಆದರೆ ಈ ಬಾರಿ ನನಗೆ ಮುಖ್ಯವಾಗಿ ಕಂಡದ್ದು ಕಾಫ್ಕಾನಲ್ಲಿ ಇಲ್ಲದ ಸಂಗತಿ. ನಾಗಪ್ಪನ ಬೇಟೆಯ ಆಯುಧಗಳು ನಮಗೆಲ್ಲ ಪರಿಚಿತವಾದವು: ಕಡತ, ಮೆಮೊ, ಕ್ಯಾಬಿನ್ನಿನ ಬಾಗಿಲು, ಅರ್ಧಕ್ಕೆ ನಿಲ್ಲಿಸಿದ ಫೋನಿನ ಮಾತು, ಕ್ಯಾಂಟೀನಿನ ಪಿಸುದನಿ. ನೌಕರಿಯೇ ಆಧಾರವಾಗಿ ಈ ಊರಿಗೆ ಬಂದವನಿಗೆ ನೌಕರಿ ಅಲುಗಾಡಿತೆಂದರೆ ಕಾಲಕೆಳಗಿನ ನೆಲವೇ ಅಲುಗಾಡುತ್ತದೆ. ಊರಿನಲ್ಲಿ ಕೆಲಸ ಹೋದವನಿಗೆ ಕನಿಷ್ಠ ಜಗಲಿಯಿರುತ್ತದೆ. ಇಲ್ಲಿ ಬಾಡಿಗೆಯ ತಾರೀಖು ಇರುತ್ತದೆ.

ಮತ್ತೊಂದು ಸಂಗತಿ ಇದಕ್ಕಿಂತ ಕಹಿಯಾದದ್ದು. ಪರಊರಿನಲ್ಲಿ ನಮಗೆ ಊರಿನವರೇ ಬಂಧುಗಳು, ಸಮಭಾಷಿಕರೇ ರಕ್ಷಕರು ಎಂಬ ನಂಬಿಕೆಯ ಮೇಲೆ ನಮ್ಮ ಸಂಘಸಂಸ್ಥೆಗಳೆಲ್ಲ ನಿಂತಿವೆ. ಚಿತ್ತಾಲರು ಆ ನಂಬಿಕೆಯನ್ನೇ ಕೈಗೆತ್ತಿಕೊಳ್ಳುತ್ತಾರೆ. ನಾಗಪ್ಪನ ಹಿಂದೆ ಬಿದ್ದವರಲ್ಲಿ ಅವನ ಬಾಲ್ಯವನ್ನು, ಅವನ ಕುಟುಂಬದ ಗುಟ್ಟನ್ನು ಬಲ್ಲ ಊರಿನವರೂ ಇದ್ದಾರೆ. ಪರಕೀಯರಿಗೆ ನಮ್ಮ ಮೇಲೆ ಅಧಿಕಾರವಷ್ಟೇ ಇರುತ್ತದೆ. ನಮ್ಮವರ ಬಳಿ ನಮ್ಮ ಬಗೆಗಿನ ಮಾಹಿತಿ ಇರುತ್ತದೆ. ಸಂಘದ ಚುನಾವಣೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

‘ಶಿಕಾರಿ’ಯ ಓದು ಸರಾಗವಲ್ಲ. ನಾಗಪ್ಪನ ಸ್ವಗತಗಳು ದೀರ್ಘವಾಗಿವೆ, ಕೆಲವೆಡೆ ಸುತ್ತಿಸುತ್ತಿ ಬರುತ್ತವೆ, ನಡುವಿನ ನೂರು ಪುಟಗಳಲ್ಲಿ ಓದುಗನ ತಾಳ್ಮೆಯೂ ಪರೀಕ್ಷೆಗೆ ಒಳಗಾಗುತ್ತದೆ. ಆದರೂ ನಾನಿದನ್ನು ಸುಖದ ಓದಿನ ಸಾಲಿಗೆ ಸೇರಿಸುತ್ತೇನೆ. ನಾವು ದಿನವೂ ಓಡಾಡುವ ಬೀದಿಗಳು, ಏರುವ ಲಿಫ್ಟುಗಳು, ಆಡುವ ಅಧಿಕೃತ ಮಾತುಗಳು ಕನ್ನಡದಲ್ಲಿ, ಅದೂ ಕರಾವಳಿಯ ಕನ್ನಡದಲ್ಲಿ ಬೆಳೆದವನ ಮನಸ್ಸಿನೊಳಗಿಂದ, ಇಷ್ಟು ನಿಖರವಾಗಿ ಮೂಡಿದ್ದನ್ನು ಓದುವಾಗ ಆಗುವ ಗುರುತಿನ ಸುಖಕ್ಕೆ ಸಾಟಿಯಿಲ್ಲ. ಕನ್ನಡ ಕರ್ನಾಟಕದ ಬೆಟ್ಟಹೊಳೆಗಳನ್ನು ಮಾತ್ರ ವರ್ಣಿಸಬಲ್ಲ ಭಾಷೆಯಲ್ಲ, ಫ್ಲೋರಾ ಫೌಂಟನ್ನಿನ ಕಚೇರಿಗಳ ಕಪಟವನ್ನೂ ಹಿಡಿಯಬಲ್ಲದು ಎಂಬುದು ಅಲ್ಲಿ ಸಿದ್ಧವಾಗುತ್ತದೆ. ಹೊರನಾಡಿನ ಬದುಕು ಕನ್ನಡ ಕಾದಂಬರಿಯ ನಡುಮನೆಗೆ ಬಂದು ಕೂತದ್ದು ಇಂಥ ಕೃತಿಗಳಿಂದ.

ನಾಲ್ಕನೆಯದಕ್ಕೆ ಬರುವಾಗ ನನ್ನ ದನಿ ಹಗುರಾಗುತ್ತದೆ, ಕ್ಷಮಿಸಬೇಕು. ಅದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’, 1980ರದು. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ತೇಜಸ್ವಿಯವರು ನವ್ಯದ ದಾರಿಯಿಂದ ತಾವು ಹೊರಬರುತ್ತಿರುವುದನ್ನು ಸಾರಿದ್ದರು. ಹೊರಬಂದು ಎಲ್ಲಿಗೆ ಹೋದರು ಎಂಬುದಕ್ಕೆ ಉತ್ತರ ಈ ಕಾದಂಬರಿ. ಮೂಡಿಗೆರೆಯ ಜೇನು ಸೊಸೈಟಿ, ಕೃಷಿ ಕೇಂದ್ರದ ವಿಜ್ಞಾನಿ ಕರ್ವಾಲೊ, ದನ ಕಾಯುವ ಮಂದಣ್ಣ, ಹಾವಾಡಿಗ ಎಂಗ್ಟ, ಕರಿಯಪ್ಪ, ಪ್ಯಾರ, ಫೋಟೋ ತೆಗೆಯುವ ಪ್ರಭಾಕರ, ಕಿವಿ ಎಂಬ ನಾಯಿ: ಇವರೆಲ್ಲ ಸೇರಿ ಹಾರುವ ಓತಿಯೊಂದನ್ನು ಹುಡುಕಿಕೊಂಡು ಪಶ್ಚಿಮಘಟ್ಟದ ಕಾಡಿಗೆ ಹೊರಡುತ್ತಾರೆ. ನಗದೆ ಓದಲು ಸಾಧ್ಯವೇ ಇಲ್ಲದ ಪುಟಗಳಿವೆ. ಲೋಕಲ್ ಗಾಡಿಯಲ್ಲಿ ಒಬ್ಬನೇ ನಗುವವನನ್ನು ಸಹಪ್ರಯಾಣಿಕರು ಹೇಗೆ ನೋಡುತ್ತಾರೆಂಬುದು ನನಗೀಗ ಚೆನ್ನಾಗಿ ಗೊತ್ತು.

ಆದರೆ ಆ ನಗುವಿನ ಅಡಿಯಲ್ಲಿ ಗಂಭೀರವಾದೊಂದು ಪ್ರಶ್ನೆ ಹರಿಯುತ್ತಿದೆ. ಮಂದಣ್ಣ ಕಾಡಿನ ಪ್ರತಿ ಹುಳುವನ್ನೂ ಗಮನಿಸಿ ನೋಡಬಲ್ಲ ಸಹಜ ವಿಜ್ಞಾನಿ. ಅದನ್ನು ಗುರುತಿಸುವವನು ಕರ್ವಾಲೊ ಒಬ್ಬನೇ. ಊರಿನ ಕಣ್ಣಿಗೆ ಮಂದಣ್ಣ ದಂಡಪಿಂಡ. ಮಂದಣ್ಣನಿಗೆ ತನ್ನ ಕಣ್ಣಿಗೂ ತಾನು ಬೆಲೆಬಾಳುವವನಲ್ಲ. ಒಂದು ಜವಾನನ ಕೆಲಸ ಸಿಕ್ಕಿದರೆ ಅವನ ಜನ್ಮ ಸಾರ್ಥಕ. ನಿರೂಪಕನಿಗಾದರೋ ತೋಟ ಮಾರಿ ಪೇಟೆಗೆ ಹೋಗಿಬಿಡುವ ಯೋಚನೆ. ಹೀಗೆ ಇದ್ದಲ್ಲಿ ಇರಲಾರದ ಜನರ ನಡುವೆ ವಿಜ್ಞಾನಿ ಬಂದು, ನೀವು ನಿಂತ ನೆಲದಲ್ಲಿ ಕೋಟಿ ವರ್ಷಗಳ ಜೀವವಿಕಾಸದ ಸಾಕ್ಷಿ ಉಸಿರಾಡುತ್ತಿದೆ ಎಂದು ತೋರಿಸುತ್ತಾನೆ. ಪೇಟೆಗೆ ಬಂದು ತಲುಪಿಯಾದ ನಮಗೆ ಇದು ತಡವಾಗಿ ಸಿಕ್ಕ ಸಮಾಚಾರ. ಕೊನೆಯಲ್ಲಿ ಓತಿ ಯಾರ ಕೈಗೂ ಸಿಗದೆ ಕಣಿವೆಯತ್ತ ಹಾರಿಹೋಗುತ್ತದೆ. ಆ ಪುಟವನ್ನು ನಾನು ಎರಡು ಸಲ ಓದಿದೆ. ಕೈಗೆ ಸಿಕ್ಕಿದ್ದರೆ ಅದು ಒಂದು ಬಾಟಲಿಯೊಳಗಿನ ಮಾದರಿಯಾಗುತ್ತಿತ್ತು, ಕಾದಂಬರಿಯೂ ಅಲ್ಲಿಗೆ ಮುಗಿಯುತ್ತಿತ್ತು. ಹಾರಿಹೋದದ್ದರಿಂದ ಓದುಗ ಆ ಬಂಡೆಯ ಅಂಚಿನಲ್ಲಿ ಇನ್ನೂ ನಿಂತಿದ್ದಾನೆ.

ಐದನೆಯದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ಕನ್ನಡದಲ್ಲಿ, 2015ರಲ್ಲಿ ಶ್ರೀನಾಥ್ ಪೆರೂರ್ ಅವರ ಅನುವಾದದಲ್ಲಿ ಇಂಗ್ಲಿಷಿನಲ್ಲಿ ಬಂತು. ಇದು ಕಾದಂಬರಿಯೋ ನೀಳ್ಗತೆಯೋ ಎಂಬ ಚರ್ಚೆಯನ್ನು ಪ್ರಾಧ್ಯಾಪಕರಿಗೆ ಬಿಡೋಣ. ಒಂದೇ ಕೂರಿನಲ್ಲಿ ಮುಗಿಯುತ್ತದೆ. ಮುಗಿದ ಮೇಲೆ ಹಲವು ದಿನ ಮುಗಿಯುವುದಿಲ್ಲ.

ಬೆಂಗಳೂರಿನ ಒಂದು ಕುಟುಂಬ. ಅಪ್ಪ ಸೇಲ್ಸ್‌ಮನ್, ಪೈಸೆಗೆ ಪೈಸೆ ಲೆಕ್ಕವಿಟ್ಟು ಬದುಕಿದ ಮನೆ. ಚಿಕ್ಕಪ್ಪ ಸೋನಾ ಮಸಾಲಾ ಎಂಬ ವ್ಯಾಪಾರ ಆರಂಭಿಸುತ್ತಾನೆ, ಹಣ ಬರುತ್ತದೆ, ವಠಾರದಂಥ ಮನೆಯಿಂದ ದೊಡ್ಡ ಮನೆಗೆ ಕುಟುಂಬ ಏರುತ್ತದೆ. ಹಳೆಯ ಮನೆಯಲ್ಲಿ ಇರುವೆಗಳ ಕಾಟ. ಅವುಗಳನ್ನು ಕೊಲ್ಲುವುದರಲ್ಲಿ ಮನೆಯವರಿಗೆ ಒಂದು ಬಗೆಯ ಹುರುಪು. ಹೊಸ ಮನೆಯಲ್ಲಿ ಇರುವೆಗಳ ಬದಲು ಮನುಷ್ಯರಿದ್ದಾರೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಅಡುಗೆಯ ಡಬ್ಬಿ ಹಿಡಿದು ಬಾಗಿಲಿಗೆ ಬಂದ ಒಬ್ಬ ಹೆಂಗಸನ್ನು ಆ ಮನೆಯ ಹೆಂಗಸರು ಅವಮಾನಿಸಿ ಅಟ್ಟುವ ಒಂದು ದೃಶ್ಯವಿದೆ. ನಿರೂಪಕ ಸುಮ್ಮನಿರುತ್ತಾನೆ. ಸೊಸೆಯಾಗಿ ಬಂದ ಅನಿತಾಳಿಗೆ ಮಾತ್ರ ಸುಮ್ಮನಿರಲು ಆಗುವುದಿಲ್ಲ. ಹೆಸರಿಗೆ ನಿರ್ದೇಶಕನಾಗಿ, ಕೆಲಸವಿಲ್ಲದೆ ಕಾಫಿ ಹೌಸಿನಲ್ಲಿ ಹೊತ್ತು ಕಳೆಯುವ ಆ ನಿರೂಪಕನ ಮೌನ ಪುಟದಿಂದ ಪುಟಕ್ಕೆ ದಪ್ಪವಾಗುತ್ತ ಹೋಗುತ್ತದೆ. ಕೊನೆಯಲ್ಲಿ ಏನಾಗುತ್ತದೆಂದು ಹೇಳಿದರೆ ನಿಮ್ಮ ಸುಖಕ್ಕೆ ಕಲ್ಲುಹಾಕಿದಂತೆ, ಹೇಳುವುದಿಲ್ಲ.

ಈ ಸಭೆಯಲ್ಲಿರುವ ಬಹುಪಾಲು ಕುಟುಂಬಗಳು ಒಂದೇ ತಲೆಮಾರಿನಲ್ಲಿ ಒಂದು ಖೋಲಿಯಿಂದ ಎರಡು ಬೆಡ್‌ರೂಮಿನ ಫ್ಲಾಟಿಗೆ ಏರಿದವು. ನಮ್ಮ ಸಾಧನೆಯ ಕಥೆಯನ್ನು ನಾವು ಹೇಳುವಾಗ ಅದು ದುಡಿಮೆಯ, ಮಿತವ್ಯಯದ, ದೇವರ ದಯೆಯ ಕಥೆ. ಶಾನಭಾಗರು ಅದೇ ಏಣಿಯನ್ನು ಬೇರೊಂದು ಬದಿಯಿಂದ ತೋರಿಸುತ್ತಾರೆ: ಏರುವಾಗ ಮನೆಯವರೆಲ್ಲ ಯಾವ ಯಾವ ಮಾತನ್ನು ಆಡದಿರಲು ಒಪ್ಪಿಕೊಂಡರು?

ಶೀರ್ಷಿಕೆಯ ಬಗ್ಗೆ ಒಂದು ಮಾತು. ‘ಘಾಚರ್ ಘೋಚರ್’ ಯಾವ ಭಾಷೆಯ ಪದವೂ ಅಲ್ಲ. ಅನಿತಾಳ ತವರಿನಲ್ಲಿ, ಗಾಳಿಪಟದ ದಾರ ಸಿಕ್ಕುಗಟ್ಟಿದಾಗ, ಅವಳೂ ಅವಳ ತಮ್ಮನೂ ಹುಟ್ಟಿಸಿಕೊಂಡ ಮನೆಮಾತು. ಬಿಡಿಸಲಾಗದ ಸಿಕ್ಕಿಗೆ ಆ ಮನೆಯವರಷ್ಟೇ ಬಲ್ಲ ಹೆಸರು. ಇಂಥ ಮಾತುಗಳು ನಮ್ಮ ಮನೆಗಳಲ್ಲಿ ಎಷ್ಟಿಲ್ಲ! ಅರ್ಧ ಮರಾಠಿ, ಕಾಲು ಹಿಂದಿ, ಮೇಲೊಂದು ಕನ್ನಡದ ಪ್ರತ್ಯಯ. ಅವುಗಳನ್ನು ಕೆಟ್ಟ ಕನ್ನಡವೆಂದು ನಾವು ಮಕ್ಕಳ ಮುಂದೆ ನಾಚಿಕೊಳ್ಳುತ್ತೇವೆ. ಮನೆಮಾತೊಂದು ಇಡೀ ಕೃತಿಯ ಹೆಸರಾಗಬಲ್ಲದು ಎಂಬುದನ್ನು ಕಂಡ ಮೇಲೆ ಆ ನಾಚಿಕೆಗೆ ಕಾರಣವಿಲ್ಲ.

ಐದೂ ಪುಸ್ತಕಗಳ ಮಾತು ಮುಗಿಯಿತು. ಇನ್ನು, ಇವೆಲ್ಲ ನಮ್ಮ ಸಂಘಕ್ಕೆ ಏಕೆ ಸಂಬಂಧಿಸಿದ್ದು ಎಂಬುದನ್ನು ಹೇಳಿ ಮುಗಿಸುತ್ತೇನೆ.

ನಮ್ಮ ಸಂಘವೂ ಸೇರಿದಂತೆ ಹೊರನಾಡಿನ ಸಂಘಗಳೆಲ್ಲ ಒಂದು ನ್ಯಾಯವಾದ ಬೇಡಿಕೆಯನ್ನು ಮುಂದಿಡುತ್ತ ಬಂದಿವೆ. 1956ರ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಹೇಳುತ್ತದೆ. ಆ ಹಕ್ಕನ್ನು ನಾವು ಕೇಳಲೇಬೇಕು. ಆದರೆ ಕೇಳುವವರ ಕೈಯಲ್ಲಿ ಪುಸ್ತಕವಿರಬೇಕು. ಕನ್ನಡ ಶಾಲೆ ಮುಚ್ಚಬೇಡಿ ಎಂದು ಮನವಿ ಬರೆಯುವ ಸಂಘದ ಪುಸ್ತಕದ ಕಪಾಟಿಗೆ ಬೀಗವಿದ್ದು, ಬೀಗದ ಕೈ ಯಾರ ಬಳಿ ಇದೆಯೆಂದು ಯಾರಿಗೂ ತಿಳಿಯದಿದ್ದರೆ ಆ ಮನವಿಯಲ್ಲಿ ಬಲ ಎಲ್ಲಿಂದ ಬರಬೇಕು? ಓದಲು ಆಸೆಯೇ ಇಲ್ಲದ ಭಾಷೆಯನ್ನು ಓದಲು ಕಲಿಯಬೇಕೆಂದು ಮಗುವಿಗೆ ಯಾವ ಬಾಯಿಂದ ಹೇಳುವುದು?

ನಮ್ಮ ಮೊಮ್ಮಕ್ಕಳಲ್ಲಿ ಹಲವರಿಗೆ ಕನ್ನಡ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಅವರು ‘ಘಾಚರ್ ಘೋಚರ್’ ಓದಿದರೆ ಇಂಗ್ಲಿಷಿನಲ್ಲಿ ಓದುತ್ತಾರೆ. ಹಿರಿಯರಲ್ಲಿ ಕೆಲವರಿಗೆ ಇದು ಅವಮಾನವೆನಿಸಿದೆ. ನನಗೆ ಹಾಗೆನಿಸುವುದಿಲ್ಲ. ಪುಣೆಯ ಉಮಾ ಕುಲಕರ್ಣಿಯವರು ಭೈರಪ್ಪನವರನ್ನೂ ಇತರ ಕನ್ನಡ ಲೇಖಕರನ್ನೂ ಮರಾಠಿಗೆ ತಂದದ್ದರಿಂದ ನಮ್ಮ ನೆರೆಹೊರೆಯ ಎಷ್ಟೋ ಮರಾಠಿ ಮನೆಗಳಲ್ಲಿ ಕನ್ನಡ ಕಾದಂಬರಿಗಳ ಚರ್ಚೆ ನಡೆಯುತ್ತದೆ. ಅದರಿಂದ ಕನ್ನಡಕ್ಕೆ ನಷ್ಟವೇನೂ ಆಗಿಲ್ಲ. ಅನುವಾದ ಒಂದು ಬಾಗಿಲು. ಆ ಬಾಗಿಲಿನ ಮುಂದೆ ನಿಂತ ಮಗುವಿಗೆ, ಒಳಗೆ ಬಂದರೆ ಇನ್ನಷ್ಟಿದೆ ಎಂದು ಹೇಳುವವರು ಮನೆಯಲ್ಲಿ ಇದ್ದಾರೆಯೇ ಎಂಬುದಷ್ಟೇ ಪ್ರಶ್ನೆ.

ಆದ್ದರಿಂದ ನನ್ನದೊಂದು ಸಣ್ಣ ಸಲಹೆ. ಓದುಗರ ಬಳಗ ತಿಂಗಳಿಗೊಮ್ಮೆ ಸೇರಿದಾಗ ಭಾಷಣಕ್ಕೆ ಬದಲಾಗಿ ಗಟ್ಟಿಯಾಗಿ ಓದುವುದನ್ನು ಇಟ್ಟುಕೊಳ್ಳೋಣ. ಮೊದಲಿಗೆ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯನ್ನು ಸೂಚಿಸುತ್ತೇನೆ. 1984ರ ಈ ಕಿರುಕಾದಂಬರಿ ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ಧಾರವಾಡದವರಿಗೂ ಮಂಗಳೂರಿನವರಿಗೂ ಕಣ್ಣಿನಿಂದ ಓದುವಾಗ ತೊಡಕೆನಿಸುವ ಆ ಕನ್ನಡ, ಆ ಕಡೆಯವರೊಬ್ಬರು ಓದಿ ಕೇಳಿಸಿದರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೈಸೂರಿನವರು ಓದಲಿ, ಕಲಬುರಗಿಯವರು ಕೇಳಲಿ. ಮುಂದಿನ ತಿಂಗಳು ರಾವಬಹಾದ್ದೂರರ ‘ಗ್ರಾಮಾಯಣ’ವನ್ನು ಉತ್ತರ ಕರ್ನಾಟಕದವರು ಓದಲಿ, ಉಳಿದವರು ಕೇಳಲಿ. ಒಂದೇ ಕನ್ನಡದ ಒಳಗಿನ ಹಲವು ಕನ್ನಡಗಳು ಒಂದೇ ಕೋಣೆಯಲ್ಲಿ ಸೇರುವುದು ಕರ್ನಾಟಕದೊಳಗೂ ಸುಲಭವಲ್ಲ; ಹೊರನಾಡಿನ ಸಂಘಗಳಿಗೆ ಇದು ತಾನಾಗಿ ಒದಗಿದ ಭಾಗ್ಯ. ಲಿಪಿ ಬಾರದ ಮಕ್ಕಳೂ ಅಲ್ಲಿ ಕೂತು ಕೇಳಬಹುದು. ಕಥೆ ಅರ್ಧಕ್ಕೆ ನಿಂತಾಗ ಮುಂದೇನೆಂದು ತಿಳಿಯುವ ಆಸೆಗೆ ಒಬ್ಬ ಹುಡುಗನೋ ಹುಡುಗಿಯೋ ಅಕ್ಷರ ಕಲಿತರೆ, ನಮ್ಮ ರಾಜ್ಯೋತ್ಸವದ ಮೆರವಣಿಗೆಗಳು ಮಾಡದ ಕೆಲಸವನ್ನು ಒಂದು ಕಾದಂಬರಿ ಮಾಡಿದಂತಾಗುತ್ತದೆ.

ಕೊನೆಯದಾಗಿ ಸಂಚಾಲಕರಲ್ಲಿ ಒಂದು ವಿನಂತಿ. ಇಂದು ನನಗೆ ನೀಡಲಿರುವ ಶಾಲು ಮತ್ತು ಹಾರಗಳ ಬದಲಿಗೆ ಪುಸ್ತಕದ ಕಪಾಟಿನ ಬೀಗದ ಕೈಯನ್ನು ಈ ಮೇಜಿನ ಮೇಲೆ ಇಡಬೇಕು. ಮೇಲೆ ಹೇಳಿದ ಐದರಲ್ಲಿ ನಾಲ್ಕು ಪುಸ್ತಕಗಳು ಆ ಕಪಾಟಿನಲ್ಲಿಯೇ ಇವೆ. ಐದನೆಯದನ್ನು ನಾನು ತಂದಿದ್ದೇ​ನೆ. ಯಾರು ಮೊದಲು ಕೈಯೆತ್ತುತ್ತೀರೋ ಅವರಿಗೆ.